ಎಲ್ಲಿವರೆಗೆ ಬಂತು ಎಂದು ಕೇಳುತ್ತಿದ್ದವರು

ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಮೂರು ದಿನ ತಡವಾಗಿ. ನಾನು ಕಲಿಸುವ ಭಟ್ಕಳದ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಎಂಟನೇ ತರಗತಿಯ ಮಕ್ಕಳು ಒಂದು ಮೌಸಿಗೆ ಮೂವರಂತೆ ಕಿತ್ತಾಡುತ್ತಿದ್ದಾಗ ಅವರ ಹೆಂಡತಿಯ ಫೋನು ಬಂತು. "ಅಕ್ಕೋರೆ, ಇವರು ಹೋದ್ರು. ಬುಧವಾರ. ನಿಮ್ಮ ನಂಬರು ಇವರ ಫೋನಲ್ಲಿ ಯಾವ ಹೆಸರಲ್ಲಿ ಉಂಟು ಅಂತ ಹುಡುಕುದೇ ದೊಡ್ಡ ಕೆಲಸ ಆತು" ಎಂದರು. ನನ್ನ ನಂಬರು 'ಕಂಪ್ಯೂಟರ್ ಫಾಲ್ಟ್' ಎಂಬ ಹೆಸರಿನಲ್ಲಿ ಇತ್ತಂತೆ. ಅಳು ಬರಬೇಕಾದಲ್ಲಿ ಮೊದಲು ನಗು ಬಂತು. ಆಮೇಲೆ ಮಕ್ಕಳನ್ನು ಆಟಕ್ಕೆ ಬಿಟ್ಟು, ಬಾಗಿಲು ಹಾಕಿಕೊಂಡು ಅತ್ತೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಹೊನ್ನಾವರದಲ್ಲಿ ಹತ್ತರಲ್ಲಿ ಎಂಟು ಜನಕ್ಕೆ ಅದು ಯಾರೆಂದು ತಿಳಿಯಲಿಕ್ಕಿಲ್ಲ. 'ಫೋನಿನವರು' ಎಂದರೆ ಮಾತ್ರ ಎಲ್ಲರಿಗೂ ತಿಳಿಯುತ್ತದೆ. ಏಳನೇ ತರಗತಿ ಓದಿ, ಟೆಲಿಫೋನ್ ಖಾತೆಯಲ್ಲಿ ಮೊದಲು ಹೊಂಡ ತೋಡುವ ಕೆಲಸಕ್ಕೆ ಸೇರಿ, ಮುಂದೆ ಲೈನ್‌ಮನ್ ಆಗಿ, ಮೂವತ್ತು ವರ್ಷಕ್ಕೂ ಮಿಕ್ಕಿ ಭಟ್ಕಳದಿಂದ ಕುಮಟಾದವರೆಗಿನ ಕಂಬಗಳನ್ನು ಹತ್ತಿ ಇಳಿದು, ಎರಡೂ ಮೊಣಕಾಲು ಸವೆಸಿಕೊಂಡು ನಿವೃತ್ತರಾದವರು. ರಸ್ತೆಯಲ್ಲಿ ನಡೆಯುವಾಗ ಅವರ ಮುಖ ಯಾವಾಗಲೂ ಮೇಲಕ್ಕೇ ಇರುತ್ತಿತ್ತು. "ನೆಲ ನೋಡಿ ನಡೀರಿ, ಒಂದಿನ ಬೀಳ್ತ್ರಿ" ಎಂದು ಹೆಂಡತಿ ಹೇಳಿ ಹೇಳಿ ಸೋತಿದ್ದರು.

ನಾನು ನೋಡುವಷ್ಟರಲ್ಲಿ ಆ ಕಂಬಗಳಿಗೆ ಕೆಲಸವೇ ಉಳಿದಿರಲಿಲ್ಲ. ಎಲ್ಲರ ಕೈಯಲ್ಲೂ ಮೊಬೈಲು. ಕಡಿದು ಬಿದ್ದ ತಂತಿಯನ್ನು ಯಾರೋ ಬಟ್ಟೆ ಒಣಹಾಕಲು ಕಟ್ಟಿಕೊಂಡಿದ್ದರು. ಇವರು ಮಾತ್ರ ಪೇಟೆಗೆ ಹೊರಟರೆ ಒಂದೊಂದು ಕಂಬವನ್ನೂ ಅದು ಯಾರ ಮನೆಗೆ ಗಂಟೆ ಹೊಡೆಸುತ್ತಿತ್ತು ಎಂಬುದರಿಂದ ಗುರುತಿಸುತ್ತಿದ್ದರು. ಇದು ಡಾಕ್ಟರ ಮನೆಯದು, ಇದು ಐಸ್ ಫ್ಯಾಕ್ಟರಿಯದು, ಇದರ ಮೇಲೆ ಕಣಜದ ಗೂಡಿತ್ತು, ಇದರಿಂದ ಒಮ್ಮೆ ಜಾರಿ, ಕೆಳಗೆ ಮೀನು ಮಾರಿಕೊಂಡು ಹೋಗುತ್ತಿದ್ದವಳ ಬುಟ್ಟಿಯ ಮೇಲೆ ಬಿದ್ದದ್ದು. ಹತ್ತು ನಿಮಿಷದ ದಾರಿಗೆ ಮುಕ್ಕಾಲು ಗಂಟೆ ಬೇಕು. ಮೊದಮೊದಲು ನನಗೆ ಇದರಿಂದ ತಲೆ ಚಿಟ್ಟು ಹಿಡಿಯುತ್ತಿತ್ತು. ಈಗ ಅದೇ ದಾರಿಯಲ್ಲಿ ಬಸ್ಸು ಹೋಗುವಾಗ ಕಿಟಕಿಯಿಂದ ನಾನೂ ಮೇಲೆ ನೋಡುತ್ತೇನೆ.

ಭಟ್ಕಳದ ಶುಕ್ರವಾರಗಳ ಬಗ್ಗೆ ಅವರು ಹೇಳುವುದನ್ನು ಕೇಳಬೇಕಿತ್ತು. ಆಗ ಗಲ್ಫಿನಲ್ಲಿದ್ದವರಿಗೆ ರಜೆ ಶುಕ್ರವಾರ. ಊರಿಗೆ ಊರೇ ಮಧ್ಯಾಹ್ನದ ನಮಾಜು ಮುಗಿಸಿ, ಊಟ ಮಾಡಿ, ಫೋನಿನ ಸುತ್ತ ಕೂರುತ್ತಿತ್ತಂತೆ. ಆ ಹೊತ್ತಿಗೆ ಲೈನು ಸತ್ತರೆ ಬೈಗುಳ ನಾಲ್ಕು ಭಾಷೆಯಲ್ಲಿ ಬರುತ್ತಿತ್ತು. ಕನ್ನಡ, ಕೊಂಕಣಿ, ಉರ್ದು, ಅಲ್ಲಿನ ಮುಸ್ಲಿಮರ ಮನೆಮಾತಾದ ನವಾಯತಿ. "ಬೈಸ್ಕಂಡೇ ಕಲ್ತದ್ದು ನಾನು ಮೂರು ಭಾಷೆ" ಎನ್ನುತ್ತಿದ್ದರು. ಲೈನು ಸರಿಯಾದ ಮೇಲೆ ಅದೇ ಮನೆಯಲ್ಲಿ ಕೂರಿಸಿ ಟೀ ಕೊಡುತ್ತಿದ್ದರಂತೆ. ಒಂದು ಮನೆಯ ಅಜ್ಜಿ ಮಗನ ಹತ್ತಿರ ಮಾತು ಮುಗಿಸಿದ ಮೇಲೆ ರಿಸೀವರನ್ನು ಇವರ ಕಿವಿಗೆ ಹಿಡಿದು, "ಲೈನು ಸರಿ ಮಾಡಿದವನು ಇವನೇ, ನೀನೂ ಮಾತಾಡು" ಎಂದು ದುಬೈಯ ಮಗನಿಗೆ ಹೇಳಿದ್ದಳಂತೆ. ಇಬ್ಬರಿಗೂ ಏನು ಮಾತಾಡುವುದೆಂದು ತಿಳಿಯದೆ ಮಳೆಯ ಬಗ್ಗೆ ಮಾತಾಡಿಕೊಂಡರು.

ನಾನು ಅವರ ಮನೆಗೆ ಬಾಡಿಗೆಗೆ ಬಂದವಳು. ನನ್ನ ಊರು ಕುಮಟಾದ ಹತ್ತಿರದ ಬಾಡ. ಹೊನ್ನಾವರದಿಂದ ಒಳಗೆ ಇರುವ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸಲು ಅತಿಥಿ ಶಿಕ್ಷಕಿಯಾಗಿ ಸೇರಿದ್ದೆ. ಅತಿಥಿ ಎಂದರೆ ಜೂನ್‌ನಲ್ಲಿ ಕರೆಯುತ್ತಾರೆ, ಮಾರ್ಚ್‌ನಲ್ಲಿ ಕಳಿಸುತ್ತಾರೆ, ಮರುವರ್ಷ ಕರೆಯುವುದು ಬಿಡುವುದು ಹೆಡ್‌ಮಾಸ್ತರರ ಮರ್ಜಿ. ಊರಿನಲ್ಲಿ ನನ್ನ ವಾರಗೆಯ ಹುಡುಗಿಯರು ನನ್ನನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ಮಕ್ಕಳ ಹೊರತಾಗಿ ನನ್ನನ್ನು 'ಅಕ್ಕೋರೆ' ಎಂದು ಮೊದಲು ಕರೆದವರು ಇವರು. ವಯಸ್ಸಿನಲ್ಲಿ ನಾನು ಅವರ ಮಗಳಿಗಿಂತ ಚಿಕ್ಕವಳು. "ನೀನು ಅನ್ನಿ ಮಾಮ" ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. "ಕಲಿಸುವವ್ರಿಗೆ ನೀನು ಅಂದ್ರೆ ನಾನು ಕಲ್ತ ಏಳನೇ ಕ್ಲಾಸೂ ವಾಪಸ್ ಹೋಗ್ತದೆ" ಎಂದು ನಕ್ಕುಬಿಡುತ್ತಿದ್ದರು.

ಅವರಲ್ಲಿ ಒಂದು ಪ್ರಶ್ನೆ ಇತ್ತು. ಮಿಕ್ಸಿ ನಿಂತರೆ, ಬಾವಿಯ ಪಂಪು ನೀರು ಎಳೆಯದಿದ್ದರೆ, ಯಾರದೋ ರೇಡಿಯೋ ಗೊರಗುಟ್ಟಿದರೆ, ಎಲ್ಲದಕ್ಕೂ ಅದೇ ಪ್ರಶ್ನೆ. "ಎಲ್ಲಿವರೆಗೆ ಬಂತು?" ಏನು ಕೆಟ್ಟಿತು ಎಂದು ಅವರು ಕೇಳಿದ್ದನ್ನು ನಾನು ಕೇಳಿಲ್ಲ. ಲೈನು ಎಂದರೆ ಆಫೀಸಿನಿಂದ ಮನೆಯವರೆಗೆ ಮೂವತ್ತು ಕಂಬ. ಅರ್ಧಕ್ಕೆ ಹೋಗಿ ಹದಿನೈದನೇ ಕಂಬದಲ್ಲಿ ಕಿವಿ ಇಟ್ಟು ಕೇಳಬೇಕು. ಅಲ್ಲಿ ಸದ್ದು ಇದ್ದರೆ ಹಿಂದಿನ ಹದಿನೈದು ಕಂಬದ ಗೊಡವೆ ಬೇಡ. ಮುಂದಿನ ಅರ್ಧದಲ್ಲಿ ಮತ್ತೆ ಅರ್ಧ. ಹೀಗೆ ನಾಲ್ಕೈದು ಕಂಬ ಹತ್ತುವುದರಲ್ಲಿ ಫಾಲ್ಟು ಕೈಗೆ ಸಿಗುತ್ತದೆ. ಗಣಿತದವಳಾದ ನಾನು ಇದನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬಿಡಿಸಿದ್ದೆ. ಮನುಷ್ಯರು ಅದನ್ನು ಮೊಣಕಾಲಿನಿಂದ ಮಾಡುತ್ತಾರೆಂದು ಗೊತ್ತಿರಲಿಲ್ಲ. "ಇವರ ಹತ್ರ ಹೊಟ್ಟೆನೋವು ಅಂದ್ರೂ ಅದೇ ಪ್ರಶ್ನೆ ಅಕ್ಕೋರೆ" ಎಂದು ಹೆಂಡತಿ ದೂರುತ್ತಿದ್ದರು. "ಕೇಳಿದ್ದಕ್ಕೆ ಗೊತ್ತಾತಲ, ರಾತ್ರಿ ಬಂಗಡೆವರೆಗೆ ಎಲ್ಲ ಸರಿ ಇತ್ತು ಅಂತ" ಎಂದು ಇವರು.

ಇನ್ನೊಂದು ಅಭ್ಯಾಸ, ಯಾರಾದರೂ ಕೆಟ್ಟ ವಸ್ತು ತಂದರೆ ಮೊದಲು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುವುದು. ಅದು ಹೇಗೆ ಕೆಟ್ಟಿತೆಂದು ಪೂರ್ತಿ ಕೇಳುವವರೆಗೆ ಕೈ ಮುಂದೆ ಬರುವುದಿಲ್ಲ. ಕೇಳಿದ್ದನ್ನೇ ಮತ್ತೆ ಕೇಳುವುದು, ಗಂಟೆ ಎಷ್ಟಾಗಿತ್ತು ಎಂದು ವಿಚಾರಿಸುವುದು. ಪೊಲೀಸರಾದರೂ ಪರವಾಗಿಲ್ಲ ಅನ್ನಿಸುವಷ್ಟು. ಆ ಕೈಕಟ್ಟಿನ ಎದುರು ನಾನು ನಿಂತದ್ದು ಒಂದು ಮಾರ್ಚ್ ತಿಂಗಳ ಶನಿವಾರ. ಅವರನ್ನು ನೆನೆದರೆ ಮೊದಲು ಬರುವುದು ಆ ಶನಿವಾರವೇ. ಅದನ್ನು ಹೇಳಿದರೆ ಅವರನ್ನು ಹೇಳಿದಂತೆ.

ನಮ್ಮ ಶಾಲೆಯ ಆಫೀಸಿನಲ್ಲಿ ಒಂದೇ ಒಂದು ಕಂಪ್ಯೂಟರು. ಬೆಳಿಗ್ಗೆ ಗುಂಡಿ ಒತ್ತಿದರೆ ಪ್ರಾರ್ಥನೆ ಮುಗಿದು ಹಾಜರಿ ಆಗುವ ಹೊತ್ತಿಗೆ ಏಳುತ್ತಿತ್ತು. ವಿಂಡೋಸ್ ತೆಗೆದು ಲಿನಕ್ಸ್ ಹಾಕಿದರೆ ಹಳೆಯ ಯಂತ್ರವೂ ಹರೆಯದ್ದರ ಹಾಗೆ ಓಡುತ್ತದೆ, ಅದಕ್ಕೆ ಕಾಸೂ ಕೊಡಬೇಕಿಲ್ಲ ಎಂದು ಎಲ್ಲೋ ಓದಿದ್ದೆ. ಅದನ್ನು ಒಂದು ಪೆನ್‌ಡ್ರೈವಿಗೆ ಇಳಿಸಿಕೊಂಡು ಹೆಡ್‌ಮಾಸ್ತರರ ಮುಂದೆ ನಿಂತೆ. ಅವರು ಒಳ್ಳೆಯವರೇ, ಸ್ವಲ್ಪ ಅಂಜುಬುರುಕರು. "ಮಾಡಿ ಅಕ್ಕೋರೆ. ಆದ್ರೆ ಮೊದ್ಲು ಸ್ಟೋರ್ ರೂಮಿನಲ್ಲಿ ಇರುವ ಹಳೇದಕ್ಕೆ ಹಾಕಿ ನೋಡಿ. ಇದ್ರಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳ ಮಾರ್ಕ್ಸ್ ಉಂಟು" ಎಂದರು. ಅರವತ್ತೆರಡು ಮಕ್ಕಳ ಆಂತರಿಕ ಅಂಕಗಳು. ಸೋಮವಾರ ಸಂಜೆಯೊಳಗೆ ಇಲಾಖೆಗೆ ಕಳಿಸಬೇಕಾದವು. ಟೈಪು ಮಾಡಿ ಆಯಿತಲ್ಲ ಎಂದು ಅಂಕ ಬರೆದಿದ್ದ ಚೀಟಿಗಳನ್ನು ಎಸೆದಾಗಿತ್ತು.

ಶನಿವಾರ ಬೆಳಗಿನ ಶಾಲೆ. ಮಕ್ಕಳು ಹೋದರು, ಹೆಡ್‌ಮಾಸ್ತರರು ಊಟಕ್ಕೆ ಹೋದರು. ನಾನು ಸ್ಟೋರ್ ರೂಮಿಗೆ ಹೋಗಿ ನೋಡಿದರೆ ಅಲ್ಲಿನ ಯಂತ್ರದ ಕೀಬೋರ್ಡು ಜಿರಲೆಯ ಮನೆಯಾಗಿತ್ತು. ಅದನ್ನು ಒರೆಸಿ ಕೂರುವ ತಾಳ್ಮೆ ನನಗೆ ಯಾವತ್ತೂ ಇದ್ದದ್ದಲ್ಲ. ನೇರ ಆಫೀಸಿಗೆ ಬಂದು ಅಂಕಗಳಿದ್ದ ಕಂಪ್ಯೂಟರಿಗೇ ಪೆನ್‌ಡ್ರೈವ್ ಚುಚ್ಚಿದೆ. ಅಂಕಗಳು ಡಿಸ್ಕಿನ ಬೇರೆ ಭಾಗದಲ್ಲಿವೆ, ಅದನ್ನು ಮುಟ್ಟದಿದ್ದರೆ ಆಯಿತು ಎಂಬ ಧೈರ್ಯ. ಅದು ಒಂದೊಂದೇ ಪ್ರಶ್ನೆ ಕೇಳಿತು, ನಾನು ಮುಂದೆ, ಮುಂದೆ ಎಂದು ಒತ್ತಿದೆ. ಯಂತ್ರ ಏಳುವಾಗ ಮೊದಲು ಓದುವ ಒಂದು ಚಿಕ್ಕ ತುಣುಕು ಇರುತ್ತದೆ, ಬೂಟ್‌ಲೋಡರ್ ಎನ್ನುತ್ತಾರೆ. ಅದನ್ನು ಎಲ್ಲಿ ಹಾಕಲಿ ಎಂದು ಕೆಳಗೆ ಮೂಲೆಯಲ್ಲಿ ಕೇಳಿತ್ತು. ಅದಕ್ಕೂ ಏನೋ ಒಂದನ್ನು ಆರಿಸಿದೆ. ಕೊನೆಗೆ 'ಎಲ್ಲ ಮುಗಿಯಿತು, ಪೆನ್‌ಡ್ರೈವ್ ತೆಗೆದು ಎಂಟರ್ ಒತ್ತಿ' ಎಂದಿತು. ತೆಗೆದೆ. ಒತ್ತಿದೆ. ಪರದೆ ಕಪ್ಪಾಯಿತು. ಏಳಲು ಏನೂ ಸಿಗಲಿಲ್ಲ ಎಂಬ ಒಂದು ಸಾಲು ಬಿಳಿ ಅಕ್ಷರ ಬಿಟ್ಟರೆ ಬೇರೇನೂ ಇಲ್ಲ. ಆಗ ಒಂದೂ ಮುಕ್ಕಾಲು ಗಂಟೆ. ನಾಲ್ಕು ಸಲ ಆರಿಸಿ ಹಚ್ಚಿದೆ. ಅದೇ ಸಾಲು.

ನಾನು ನೀರು ಕುಡಿಯಲು ಹಿಂದಿನ ಜಗಲಿಗೆ ಹೋದೆ. ಅಷ್ಟರಲ್ಲಿ ಮಾದೇವಿ ಮೇನ್ ಸ್ವಿಚ್ಚು ತೆಗೆದಳು. ಮಾದೇವಿ ನಮ್ಮ ಶಾಲೆಯಲ್ಲಿ ಜವಾನ ಕೆಲಸ ಮಾಡುವವಳು, ಊರ ಕಮಿಟಿಯವರು ದಿನಗೂಲಿಗೆ ಇಟ್ಟುಕೊಂಡವಳು. ಹಿಂದೊಮ್ಮೆ ಸಿಡಿಲು ಹೊಡೆದು ಶಾಲೆಯ ಟೀವಿ ಸುಟ್ಟಿತ್ತು. ಅಂದಿನಿಂದ ಎರಡು ಗಂಟೆಯ ಬಸ್ಸು ಹೋದ ಮೇಲೆ ಮೇನ್ ತೆಗೆಯುವುದು ಅಲ್ಲಿನ ಕಟ್ಟಳೆ, ಮಳೆಗಾಲವಿರಲಿ ಬಿಡಲಿ. ಮೇನ್ ತೆಗೆದು ಅವಳು ಗೇಟಿನ ಹತ್ತಿರ ಹೋಗಿದ್ದಳಷ್ಟೆ, ಹೆಡ್‌ಮಾಸ್ತರರು ಊಟ ಮುಗಿಸಿ ಬಂದರು. ಮೇನ್ ಹಾಕಿಸಿದರು, ಕಂಪ್ಯೂಟರ್ ಹಚ್ಚಿದರು. ಕಪ್ಪು ಪರದೆ. ಮಾದೇವಿಯ ಕಡೆ ತಿರುಗಿ, "ಇದು ಹಚ್ಚಿದ್ದು ನೋಡದೇ ಮೇನ್ ತೆಗ್ದ್ಯಾ?" ಎಂದರು.

"ದಿನಾ ತೆಗೆದ ಹಾಂಗೆ ತೆಗ್ದೆ ಸರ್."

"ಅರವತ್ತೆರಡು ಮಕ್ಕಳ ಮಾರ್ಕ್ಸು ಮಾದೇವಿ. ಎಂತ ಹೇಳುದು ನಾನು ಇಲಾಖೆಗೆ? ಸೋಮವಾರ ಕಮಿಟಿಯವ್ರ ಹತ್ರ ಮಾತಾಡ್ತೆ. ನನ್ನ ಕೈಲಿ ಇನ್ನು ಆಗುದಿಲ್ಲ."

ನಾನು ಅಲ್ಲೇ ಇದ್ದೆ. ಬಾಗಿಲ ಹತ್ತಿರ, ನೀರಿನ ಲೋಟ ಹಿಡಿದುಕೊಂಡು. ಬಾಯಿ ತೆರೆದರೆ ಮುಂದಿನ ಜೂನ್ ಇಲ್ಲ ಎಂದು ಗೊತ್ತಿತ್ತು. ಬಾಯಿ ತೆರೆಯಲಿಲ್ಲ. ಇದನ್ನು ಸುತ್ತಿ ಬಳಸಿ ಹೇಳಲು ನನಗೆ ಇಷ್ಟವಿಲ್ಲ. ನಾನು ಸುಮ್ಮನಿದ್ದೆ, ಅಷ್ಟೆ. ಹೆಡ್‌ಮಾಸ್ತರರು ನನ್ನ ಕಡೆ ನೋಡಿ, "ನಿಮ್ಗೆ ಇದ್ರದ್ದು ಸ್ವಲ್ಪ ಗೊತ್ತುಂಟಲ, ನಾಳೆ ಬಂದು ಎಂತಾದ್ರೂ ಮಾಡುಕಾಗ್ತದಾ ನೋಡಿ ಅಕ್ಕೋರೆ" ಎಂದು ಬೇರೆ ಕೇಳಿಕೊಂಡರು. ಆಗಲಿ ಸರ್ ಎಂದೆ.

ಮನೆಗೆ ಬಂದಾಗ ಇವರು ಜಗಲಿಯಲ್ಲಿ ಕೂತು ಹಳೆಯ ಟಾರ್ಚಿನ ಒಳಗಿನ ಉಪ್ಪು ಗಾಳಿಯ ತುಕ್ಕನ್ನು ಉಜ್ಜುತ್ತಿದ್ದರು. ನನ್ನ ಮುಖ ನೋಡಿ ಟಾರ್ಚು ಕೆಳಗಿಟ್ಟರು. ಎದ್ದು ನಿಂತು, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ನಾನು ಎಲ್ಲ ಹೇಳಿದೆ, ಮಾದೇವಿಯ ವಿಷಯ ಒಂದು ಬಿಟ್ಟು. ಮೂರು ಸಲ ಹೇಳಿಸಿದರು. ಪರದೆ ಕಪ್ಪಾದಾಗ ಗಂಟೆ ಎಷ್ಟು ಎಂದು ಎರಡು ಸಲ ಕೇಳಿದರು. ಒಂದೂ ಮುಕ್ಕಾಲು ಎಂದು ಎರಡು ಸಲವೂ ಹೇಳಿದೆ.

"ನಂಗೆ ಲಿನಕ್ಸ್ ಅಂದ್ರೆ ಎಂತ ಅಂತ ಗೊತ್ತಿಲ್ಲ ಅಕ್ಕೋರೆ" ಎಂದರು. "ಫಾಲ್ಟ್ ಅಂದ್ರೆ ಗೊತ್ತು. ನಾಳೆ ಎಂಟು ಗಂಟೆ ಬಸ್ಸಿಗೆ ಹೋಗ್ವ."

ಭಾನುವಾರ ಶಾಲೆಯ ಬೀಗ ತೆಗೆದವಳು ಮಾದೇವಿಯೇ. ಕೀಲಿ ಅವಳ ಹತ್ತಿರ ಇರುತ್ತಿತ್ತು. ಅವಳ ಕಣ್ಣು ಊದಿತ್ತು, ನಾನು ಆ ಕಡೆ ನೋಡಲಿಲ್ಲ. ಅವಳು ಪೊರಕೆ ಹಿಡಿದು ಜಗಲಿಗೆ ಹೋದಳು. ನಾನು ಕುರ್ಚಿಯನ್ನು ಇವರ ಕಡೆ ಸರಿಸಿದೆ. ಕೂರಲಿಲ್ಲ. "ಕೆಡಿಸಿದ ಕೈಗೇ ಗೊತ್ತಿರ್ತದೆ ಎಲ್ಲೆಲ್ಲಿ ಮುಟ್ಟಿತ್ತು ಅಂತ. ನೀವೇ ಕೂತ್ಕಳಿ" ಎಂದು ನನ್ನ ಹಿಂದೆ ನಿಂತರು. ಗುಂಡಿ ಒತ್ತಿದೆ. ಕಪ್ಪು ಪರದೆ, ಬಿಳಿ ಸಾಲು.

"ಎಲ್ಲಿವರೆಗೆ ಬಂತು?"

"ಎಲ್ಲಿಗೂ ಬರಲಿಲ್ಲ ಮಾಮ."

"ಬಂತಲ. ಕರೆಂಟು ಬಂತು, ಫ್ಯಾನು ತಿರುಗ್ತು, ಅಕ್ಷರ ಬಂತು. 'ಸಿಗುದಿಲ್ಲ' ಅಂತ ಹೇಳುಕೆ ಅದಕ್ಕೆ ಬಾಯಿ ಉಂಟು ಅಂದ್ರೆ ಜೀವ ಉಂಟು. ಮುಂದಿನ ಕಂಬಕ್ಕೆ ಹೋಗ್ವ. ನಿನ್ನೆ ಕಡೇ ಸಲ ಎಲ್ಲ ಸರಿ ಇದ್ದಾಗ ಇದ್ರ ಮೈಮೇಲೆ ಎಂತೆಂತ ಇತ್ತು?"

ಕೀಬೋರ್ಡು, ಮೌಸು, ಪೆನ್‌ಡ್ರೈವ್ ಎಂದೆ.

"ಈಗ ಪೆನ್‌ಡ್ರೈವ್ ಎಲ್ಲಿ?"

"ಬ್ಯಾಗಲ್ಲಿ. ತೆಗೀರಿ ಅಂತ ಅದೇ ಹೇಳಿತ್ತು."

"ಅದು ಹೇಳ್ತದೆ. ಹಾಕಿ."

ಹಾಕಿದೆ, ಆರಿಸಿ ಹಚ್ಚಿದೆ. ಒಂದು ಕ್ಷಣ ಕಪ್ಪು. ಆಮೇಲೆ ನಾನು ಹಿಂದಿನ ದಿನ ಹಾಕಿದ ಲಿನಕ್ಸು, ಏನೂ ಆಗಿಲ್ಲವೆಂಬಂತೆ, ನನ್ನ ಹೆಸರು ಹಿಡಿದು ಪಾಸ್‌ವರ್ಡ್ ಕೇಳುತ್ತ ಎದ್ದು ಬಂತು. ಆ ಕ್ಷಣಕ್ಕೆ ತಿಳಿಯಿತು, ಮೂಲೆಯ ಪ್ರಶ್ನೆಗೆ ನಾನು ಎಂತಹ ಉತ್ತರ ಕೊಟ್ಟಿದ್ದೆನೆಂದು. ಏಳುವ ತುಣುಕನ್ನು ಯಂತ್ರದೊಳಗೆ ಹಾಕುವ ಬದಲು ಪೆನ್‌ಡ್ರೈವಿಗೇ ಹಾಕಿಬಿಟ್ಟಿದ್ದೆ. ಮನೆಗೆ ಬೀಗ ಹಾಕಿ ಕೀಲಿಯನ್ನು ಬ್ಯಾಗಿನಲ್ಲಿಟ್ಟುಕೊಂಡು, ಬಾಗಿಲು ಹಾಳಾಗಿದೆ ಎಂದು ಅಳುತ್ತಿದ್ದೆ. ಲಿನಕ್ಸನ್ನು ಮೊದಲ ಸಲ ಹಾಕುವ ಅನೇಕರು ಇದೇ ತಪ್ಪು ಮಾಡುತ್ತಾರೆಂದು ಮುಂದೆ ತಿಳಿಯಿತು. ಆದರೆ ಲಿನಕ್ಸ್ ಎಂಬ ಹೆಸರನ್ನೇ ಹಿಂದಿನ ದಿನ ಕೇಳಿದ ಒಬ್ಬ ಲೈನ್‌ಮನ್ ಅದನ್ನು ಮೂರು ಪ್ರಶ್ನೆಯಲ್ಲಿ ಹಿಡಿದದ್ದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ.

ನಾನು ಕೂಡಲೇ ಉಳಿದದ್ದನ್ನೂ ಸರಿಪಡಿಸಲು ಹೊರಟೆ. "ನಿಲ್ಲಿ" ಎಂದರು. "ಮೊದ್ಲು ಮಾತು ಆಚೆಗೆ ಹೋಗ್ಲಿ. ಕಂಬ ನೆಟ್ಟಗೆ ಮಾಡುದು ಮತ್ತೆ." ಅಂದರೆ ಮೊದಲು ಅಂಕಗಳನ್ನು ಉಳಿಸಿಕೊಳ್ಳಬೇಕು. ಹುಡುಕಿದೆ. ಇದ್ದವು. ಅರವತ್ತೆರಡು ಹೆಸರು, ಒಂದಕ್ಕೂ ಕೊರತೆ ಇಲ್ಲ. ನನ್ನ ಫೋನಿಗೆ ಒಂದು ಪ್ರತಿ ಹಾಕಿಕೊಂಡೆ, ಅದು ಸಾಲದೆಂದು ಕಾಗದದಲ್ಲಿ ಬರೆಸಿದರು. ಅವರು ಪರದೆ ನೋಡಿ ಒಂದೊಂದೇ ಹೆಸರು ಓದುವುದು, ನಾನು ಬರೆಯುವುದು. ಪೂರ್ತಿ ಅಂಕ ಬಂದವರ ಹೆಸರನ್ನು ಸ್ವಲ್ಪ ಜೋರಾಗಿ ಓದಿದರು.

ಬೂಟ್‌ಲೋಡರನ್ನು ಅದರ ಸರಿಯಾದ ಜಾಗಕ್ಕೆ ಹಾಕುವುದು ಒಂದು ಸಾಲಿನ ಆಜ್ಞೆ. ಫೋನಿನಲ್ಲಿ ಹುಡುಕಿದರೆ ಸಿಕ್ಕಿತು. ಆದರೆ ಲಿನಕ್ಸು ಡಿಸ್ಕುಗಳನ್ನು ಎ, ಬಿ ಎಂದು ಕರೆಯುತ್ತದೆ. "ಎ ಯಾವ್ದು, ಬಿ ಯಾವ್ದು?" ಎಂದರು. ಎ ಎಂದರೆ ಒಳಗಿನದೇ ಇರಬೇಕು ಎಂದೆ. "ಇರ್ಬೇಕು ಅಂತ ನಾನೂ ಒಂದು ಸಲ ಹೇಳಿದ್ದೆ" ಎಂದು, ಪೆನ್‌ಡ್ರೈವನ್ನು ತೆಗೆದು ಪಟ್ಟಿ ನೋಡಿಸಿದರು. ಬಿ ಮಾಯವಾಯಿತು. ಹಾಕಿಸಿದರು. ಬಿ ಬಂತು. ಮೂರು ಸಲ ಮಾಡಿಸಿದ ಮೇಲೆ, "ಹಾಂಗಾದ್ರೆ ಎ. ಒತ್ತಿ" ಎಂದರು. ಒತ್ತಿದೆ. ಪೆನ್‌ಡ್ರೈವ್ ತೆಗೆದು ಹಚ್ಚಿದಾಗ ಯಂತ್ರ ತನ್ನಷ್ಟಕ್ಕೆ ತಾನು ಎದ್ದಿತು, ಅರ್ಧ ನಿಮಿಷದಲ್ಲಿ.

ಹೊರಡುವಾಗ ಜಗಲಿಯಲ್ಲಿ ಮಾದೇವಿಯನ್ನು ಮಾತಾಡಿಸಿದರು. ಎಲ್ಲಿಯವಳು, ಮನೆಯಲ್ಲಿ ಯಾರ್ಯಾರು, ಕಣ್ಣು ಯಾಕೆ ಊದಿದೆ ಎಂದೆಲ್ಲ. ತಾನು ಮೇನ್ ತೆಗೆದು ಕಂಪ್ಯೂಟರು ಕೆಟ್ಟಿತು, ಸರ್ ಕೆಲಸ ಬಿಡಿಸುತ್ತಾರೆ ಎಂದಳು. ಆಗ ಇವರು, "ನಿನ್ನೆ ಮೇನ್ ಎಷ್ಟು ಗಂಟೆಗೆ ತೆಗ್ದೆ ತಂಗಿ?" ಎಂದು ಕೇಳಿದರು.

"ಎರಡೂ ಹತ್ತಕ್ಕೆ. ಬಸ್ಸು ಹೋದ್ಮೇಲೆ. ನಾನು ಕಂಪ್ಯೂಟ್ರು ನೋಡ್ಬೇಕಿತ್ತು. ತಪ್ಪಾತು."

"ಆತು" ಎಂದರು ಇವರು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೇ ವಾಸಿಯಿತ್ತು.

ಬಸ್ಸಿಗೆ ಇನ್ನೂ ಹೊತ್ತಿತ್ತು. ನಿಲ್ದಾಣದ ಎದುರಿನ ಚಹಾ ಅಂಗಡಿಯಲ್ಲಿ ಬನ್ಸ್ ತಿನ್ನುತ್ತ ಕೂತೆವು. ನನಗೆ ಬೈಯುತ್ತಾರೆಂದು ಕಾದೆ. ಅವರು ಭಟ್ಕಳದ ಕಥೆ ಶುರು ಮಾಡಿದರು. ಲೈನ್‌ಮನ್ ಆದ ಹೊಸತು. ರಸ್ತೆ ಬದಿ ಹೊಂಡ ತೋಡಿ ಕೇಬಲ್ಲಿನ ಜಾಯಿಂಟು ಮಾಡುವ ಕೆಲಸ. ಹೊಂಡದಲ್ಲಿ ಎರಡು ಕೇಬಲ್ಲು, ಒಂದು ಸತ್ತದ್ದು, ಒಂದು ಜೀವ ಇದ್ದದ್ದು. ಸತ್ತದ್ದು ಇದೇ ಇರಬೇಕು ಎಂದು ಇವರು ಕಡಿದದ್ದು ಜೀವ ಇದ್ದದ್ದನ್ನು. ಅಂದು ಶುಕ್ರವಾರ. ಒಂದು ಕೇರಿಗೆ ಕೇರಿಯೇ ಮೂಕವಾಯಿತು. ಮೇಲಧಿಕಾರಿಗಳು ಓಡಿ ಬಂದಾಗ ಹೊಂಡದೊಳಗೆ ಪಿಕಾಸಿ ಹಿಡಿದು ನಿಂತಿದ್ದವನು ಬೆಳಕೆ ಊರಿನ ಒಬ್ಬ ಕೂಲಿ ಹುಡುಗ. ಪಿಕಾಸಿ ತಾಗಿ ತುಂಡಾಯಿತೆಂದು ಅವರೇ ತೀರ್ಮಾನಿಸಿದರು. ಕಂತ್ರಾಟುದಾರ ಆ ಹೊತ್ತೇ ಅವನನ್ನು ಕೆಲಸದಿಂದ ತೆಗೆದ.

"ನಾನು ಹೊಂಡದ ದಂಡೆ ಮೇಲೆ ಇದ್ದೆ" ಎಂದರು. "ಕೈಯಲ್ಲಿ ಕಟರ್ ಇತ್ತು. ಜೇಬಿಗೆ ಹಾಕ್ದೆ."

ಆಮೇಲೆ ಹೇಳಿದಿರಾ ಎಂದು ಕೇಳಿದೆ.

"ಹೇಳ್ದೆ. ರಿಟೈರ್ ಆದ್ಮೇಲೆ. ಬೆಳಕೆಗೆ ಹೋಗಿ, ಮನೆ ಹುಡುಕಿ. ಅವ ಬಲೆ ಹೊಲಿತಾ ಕೂತಿದ್ದ. ತಲೆ ಹಣ್ಣಾಗಿತ್ತು. ಕೇಳಿ ಎಂತ ಹೇಳ್ದ ಗೊತ್ತಾ ಅಕ್ಕೋರೆ? 'ಪಿಕಾಸಿ ತಾಗ್ಲಿಲ್ಲ ಅಂತ ನಂಗೆ ಆಗ್ಲೇ ಗೊತ್ತಿತ್ತು. ಅಪ್ಪನೇ ನಂಬ್ಲಿಲ್ಲ. ಇದ್ದ ಒಂದು ಕೆಲಸ ಕಳ್ಕಂಡು ಬಂದ ಗೇಡಿ ಅಂತಲೇ ತಿಳ್ಕಂಡು ಸತ್ತ ಅವ. ನೀವು ಈಗ ಬಂದ್ರಿ.' ಇಷ್ಟೇ ಹೇಳ್ದ. ಮತ್ತೆ ಟೀ ಕೊಟ್ಟ. ಆ ಟೀ 'ಬೇಡ' ಹೇಳುಕೂ ನಂಗೆ ಬಾಯಿ ಇರ್ಲಿಲ್ಲ."

ಬಸ್ಸು ಬಂತು. ದಾರಿಯುದ್ದಕ್ಕೂ ಅವರು ಕಂಬ ನೋಡಲಿಲ್ಲ. ನೀವು ಹೀಗೆ ಮಾಡಿ, ಹಾಗೆ ಮಾಡಿ ಎಂದು ನನಗೆ ಒಂದು ಮಾತೂ ಹೇಳಲಿಲ್ಲ. ಇಳಿಯುವಾಗ ಮಾತ್ರ, ಮೊಣಕಾಲು ಹಿಡಿದುಕೊಂಡು, "ಮಾರ್ಕ್ಸು ಸಿಕ್ತು. ಫಾಲ್ಟು ಇನ್ನೂ ಉಂಟು" ಎಂದರು.

ಸೋಮವಾರ ನಾನು ತಪ್ಪು ಒಪ್ಪಿಕೊಂಡೆ. ಅದರಿಂದ ನನಗೇನಾಯಿತು ಎಂದು ಇಲ್ಲೇ ಹೇಳಿಬಿಡುತ್ತೇನೆ, ಕಾಯಿಸುವುದು ಬೇಡ. ಆ ಜೂನ್‌ನಲ್ಲಿ ನನ್ನನ್ನು ಶಾಲೆಗೆ ಕರೆಯಲಿಲ್ಲ. ಗಣಿತಕ್ಕೆ ಕಾಯಂ ಮಾಸ್ತರರು ಬರುತ್ತಾರೆಂದು ಕಾರಣ ಹೇಳಿದರು. ಅವರು ಬಂದದ್ದೂ ನಿಜ. ಆದರೂ ನನಗೆ ಇವರ ಮೇಲೆ ವಿಪರೀತ ಸಿಟ್ಟು ಬಂದಿತ್ತು. ಕೋಣೆ ಖಾಲಿ ಮಾಡುವ ದಿನ ಮಾತಾಡಿಸಲಿಲ್ಲ. ಆ ಮೊಣಕಾಲಿನಲ್ಲಿ ನನ್ನ ಟ್ರಂಕನ್ನು ತಾವೇ ಬಸ್ಸಿನವರೆಗೆ ಹೊತ್ತು ತಂದರು. ಸೀಟು ಹಿಡಿದುಕೊಟ್ಟರು. ವರ್ಷದ ಮೇಲೆ ಭಟ್ಕಳದಲ್ಲಿ ಈ ಕೆಲಸ ಸಿಕ್ಕಿತು, ಹಳೆಯ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಿ ನಡೆಸಬಲ್ಲವರು ಬೇಕೆಂದೇ ಕರೆದಿದ್ದರು. ಮೊದಲ ದಿನ ಒಂದು ಯಂತ್ರ ಏಳದಿದ್ದಾಗ ನನಗೆ ಗೊತ್ತಿಲ್ಲದೆ ನನ್ನ ಎರಡೂ ಕೈ ಬೆನ್ನ ಹಿಂದೆ ಹೋದವು. ಅಂದೇ ಸಂಜೆ ಫೋನು ಮಾಡಿದೆ. ಅವರು ಹಲೋ ಎನ್ನಲಿಲ್ಲ, ಎಲ್ಲಿವರೆಗೆ ಬಂತು ಎಂದರು. ಆಮೇಲೆ ತಿಂಗಳಿಗೊಮ್ಮೆಯಾದರೂ ಮಾತಾಡುತ್ತಿದ್ದೆವು. ಸಿಟ್ಟು ಮಾಡಿಕೊಂಡಿದ್ದಕ್ಕೆ ಕ್ಷಮೆ ಕೇಳಬೇಕೆಂದು ಪ್ರತಿ ಸಲ ಅಂದುಕೊಳ್ಳುತ್ತಿದ್ದೆ, ಕೇಳಲಿಲ್ಲ. ಅದೊಂದು ಉಳಿದುಹೋಯಿತು.

ಇನ್ನು ಆ ಸೋಮವಾರ. ಪ್ರಾರ್ಥನೆಯ ಗಂಟೆಗೆ ಮೊದಲೇ ಆಫೀಸಿಗೆ ಹೋದೆ. ಕಂಪ್ಯೂಟರು ಎದ್ದದ್ದು ನೋಡಿ ಹೆಡ್‌ಮಾಸ್ತರರ ಮುಖ ಅರಳಿತ್ತು. ಮಾದೇವಿಯನ್ನೂ ಒಳಗೆ ಕರೆಯಿರಿ ಸರ್ ಎಂದೆ. ಅವಳು ಬಂದು, ಸೆರಗು ಹೊದ್ದು, ಗೋಡೆಗೆ ಒತ್ತಿ ನಿಂತಳು. ನಿಂತ ಕಾಲಲ್ಲೇ ಹೇಳಿದೆ. ಸ್ಟೋರ್ ರೂಮಿನದಕ್ಕೆ ಹಾಕಿ ಎಂದು ನೀವು ಹೇಳಿದ್ದಿರಿ. ನಾನು ಇದಕ್ಕೇ ಹಾಕಿದೆ. ಒಂದೂ ಮುಕ್ಕಾಲಿಗೇ ಇದು ಕಪ್ಪಾಗಿತ್ತು. ಮಾದೇವಿ ಮೇನ್ ತೆಗೆದದ್ದು ಎರಡೂ ಹತ್ತಕ್ಕೆ. ಕೆಟ್ಟದ್ದು ನನ್ನಿಂದ, ಅವಳಿಂದಲ್ಲ.

ಹೆಡ್‌ಮಾಸ್ತರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಶನಿವಾರ ನೀವು ಇಲ್ಲೇ ನಿಂತಿದ್ರಿ ಅಕ್ಕೋರೆ" ಎಂದರು. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಮಾದೇವಿ ನನ್ನನ್ನೂ ಅವರನ್ನೂ ನೋಡಿದಳು. ಸಿಟ್ಟಾಗುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. "ನಿಮ್ಮ ಫೋನ್ ಒಂದು ಕೊಡ್ತ್ರಾ ಅಕ್ಕೋರೆ? ನಂದ್ರಲ್ಲಿ ಕರೆನ್ಸಿ ಇಲ್ಲ" ಎಂದಳು. ಕೊಟ್ಟೆ. ಜಗಲಿಗೆ ಹೋಗಿ, ನನಗೆ ಬೆನ್ನು ಹಾಕಿ, ಜೋರಾಗಿ ಮಾತಾಡಿದಳು. "ಅಪ್ಪಾ, ನಾನಲ್ಲ ಅಂತೆ. ಹೂಂ. ಅಕ್ಕೋರೇ ಹೇಳಿದ್ರು, ಸರ್ ಎದ್ರಿಗೇ. ನಾನಲ್ಲ ಅಂತೆ." ಫೋನನ್ನು ಸೆರಗಿನಿಂದ ಒರೆಸಿ ನನಗೆ ವಾಪಸು ಕೊಟ್ಟು, ಗಂಟೆ ಹೊಡೆಯಲು ಹೋದಳು.

ಸಂಜೆ ಇದನ್ನೆಲ್ಲ ಇವರಿಗೆ ಹೇಳಿದೆ. ಜಗಲಿಯಲ್ಲಿ ಚಹಾ ಲೋಟ ಹಿಡಿದು ಕೂತಿದ್ದರು. ಹೆಡ್‌ಮಾಸ್ತರರು ಏನೆಂದರು, ನನ್ನ ಕೆಲಸದ ಗತಿ ಏನು ಎಂದು ಕೇಳುತ್ತಾರೆಂದುಕೊಂಡಿದ್ದೆ. ಅದು ಯಾವುದನ್ನೂ ಕೇಳಲಿಲ್ಲ.

"ಮಾದೇವಿ ಯಾರಿಗೆ ಮಾಡ್ತು ಫೋನು?"

"ಅವಳ ಅಪ್ಪನಿಗೆ."

"ಅವನೇ ಎತ್ತಿದ್ನಾ?"

"ಹೌದು ಮಾಮ."

ಅವರು ಲೋಟ ಕೆಳಗಿಟ್ಟರು. ಹೆಗಲ ಮೇಲಿನ ಟವೆಲು ತೆಗೆದು ಮುಖವನ್ನು ಎರಡೂ ಕೈಯಿಂದ ಒತ್ತಿ ಒರೆಸಿಕೊಂಡರು. ತುಂಬ ಹೊತ್ತು ಟವೆಲು ಮುಖದ ಮೇಲೇ ಇತ್ತು. ಒಳಗಿನಿಂದ ಹೆಂಡತಿ, ಎಂತ ಆತು ಎಂದು ಕೇಳಿದರು.

"ಎಂತ ಇಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಅಪ್ಪ ಇರುವಾಗ್ಲೇ ಗೊತ್ತಾತಲ ಅಕ್ಕೋರೆ" ಎಂದರು.